ತಂಬಿಗೆಯ ಜೊತೆಗೆ ಆಟವೂ ಉಳಿಯಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಗಾರುಡಿಗರ ಹಳೆಯ ಸಾಮಾನುಗಳನ್ನು ವಸ್ತುಸಂಗ್ರಹಾಲಯದಲ್ಲಿ ಇಡಬೇಕೆಂಬ ಮಾತಿಗೆ ಪ್ರತಿಯಾಗಿ, ಮೂಢನಂಬಿಕೆಯ ಸಲಕರಣೆಗಳಿಗೆ ಸಾರ್ವಜನಿಕರ ಹಣವೇಕೆ ಎಂದು ಓದುಗರೊಬ್ಬರು ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಇತ್ತೀಚೆಗೆ ಕೇಳಿದ್ದರು. ಅವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕೊಪ್ಪಳ ಸೀಮೆಯ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ, ಹೆಚ್ಚುಕಡಿಮೆ ಅಷ್ಟೇ ಕಾಲ ಕೈಯಿಂದ ಮಾಡಿದ ಜಾದೂ ಸಾಮಾನುಗಳನ್ನು ಕೂಡಿಸುತ್ತ ಬಂದಿರುವ ನನಗೆ ಆ ಪತ್ರಕ್ಕೆ ಉತ್ತರ ಬರೆಯದೆ ಇರಲಾಗಲಿಲ್ಲ. ತುಸು ಉದ್ದವಾದರೂ ಪ್ರಕಟಿಸಬೇಕೆಂದು ವಿನಂತಿ.

ಮೊದಲು ಆ ಓದುಗರ ಆಕ್ಷೇಪಕ್ಕೆ ಬರುತ್ತೇನೆ. ಮಾಟ ಬೇರೆ, ಆಟ ಬೇರೆ. ಮಾಟ ಮಾಡುವವನು ತನಗೆ ಶಕ್ತಿಯಿದೆ ಎನ್ನುತ್ತಾನೆ. ಕೈಚಳಕ ತೋರಿಸುವವನು ನೋಡುವವರ ಕಣ್ಣೆದುರೇ ಕಣ್ಕಟ್ಟು ಮಾಡುತ್ತೇನೆಂದು ಸಾರಿ ಹೇಳಿ, ಆಮೇಲೆ ಮಾಡಿ ತೋರಿಸುತ್ತಾನೆ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್, ಮಾಟಗಾತಿಯರೆಂಬ ಆರೋಪ ಹೊತ್ತ ಬಡ ಹೆಂಗಸರ ಪರವಾಗಿ ವಾದಿಸುತ್ತ ಬರೆದ ಗ್ರಂಥದಲ್ಲಿಯೇ ಗಾರುಡಿಗರ ಸಲಕರಣೆಗಳನ್ನು ಚಿತ್ರಸಹಿತ ವಿವರಿಸಿದ್ದ. ಪವಾಡದಂತೆ ಕಾಣುವುದನ್ನು ಮನುಷ್ಯನ ಕೈಯೂ ಮಾಡಬಲ್ಲದು ಎಂದು ತೋರಿಸುವುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಅವನಿಗೆ ಬೇಕಿರಲಿಲ್ಲ. ನಮ್ಮಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಅವರೂ ಭೌತಶಾಸ್ತ್ರದ ಮೇಷ್ಟ್ರೇ. ಅಂದಿನಿಂದ ಇಂದಿನವರೆಗೆ ಪವಾಡ ಬಯಲು ಮಾಡಲು ಹಳ್ಳಿಗಳಿಗೆ ಹೋಗುವವರ ಚೀಲದಲ್ಲಿ ಇರುವುದು ಈ ಗಾರುಡಿಗರ ಸಾಮಾನುಗಳೇ ಅಲ್ಲವೇ? ಆದ್ದರಿಂದ ಮೂಢನಂಬಿಕೆಯ ಮಾತನ್ನು ಇಲ್ಲಿಗೇ ಬಿಟ್ಟು ಸಾಮಾನುಗಳ ಕಡೆಗೆ ಬರುತ್ತೇನೆ.

ಕೊಪ್ಪಳವು ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ, ನಾನು ಮೂರನೆಯ ಇಯತ್ತೆಯಲ್ಲಿದ್ದಾಗ, ಗವಿಮಠದ ಜಾತ್ರೆಯಲ್ಲಿ ಒಬ್ಬ ಮುದುಕ ನೆಲದ ಮೇಲೆ ಕುಳಿತು ತೆಂಗಿನ ಚಿಪ್ಪಿನ ನೀರಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾದ ಮರದ ಬಾತುಕೋಳಿಯೊಂದನ್ನು ತೇಲಿಬಿಟ್ಟಿದ್ದ. ಅವನು ಪ್ರಶ್ನೆ ಕೇಳಿದರೆ ಅದು ಮುಳುಗಿ ಏಳುತ್ತಿತ್ತು. 'ಈ ಹುಡುಗ ಸಾಲಿಗೆ ಚಕ್ಕರ್ ಹೊಡದಾನೇನು?' ಎಂದು ನನ್ನ ಕಡೆ ಬೆರಳು ಮಾಡಿ ಕೇಳಿದ, ಬಾತುಕೋಳಿ ಮುಳುಗಿತು, ಜನ ನಕ್ಕರು. ಅವತ್ತು ನಾನು ನಿಜಕ್ಕೂ ಶಾಲೆಗೆ ಹೋಗಿರಲಿಲ್ಲ. ಆ ಆಟ ಭಾರತದ ಬೀದಿ ಜಾದೂಗಾರರಲ್ಲಿ ತುಂಬ ಹಳೆಯದು, ಬ್ರಿಟಿಷರ ಕಾಲದ ಬರಹಗಳಲ್ಲಿಯೂ ಅದರ ವರ್ಣನೆಯಿದೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಆ ಬಾತುಕೋಳಿಯನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಮಾತ್ರ ಅಂದೇ ತಲೆಯಲ್ಲಿ ಕುಳಿತಿತ್ತು, ಏಕೆಂದರೆ ನಮ್ಮ ಮನೆಯಲ್ಲಿದ್ದ ಕಿನ್ನಾಳದ ಗೊಂಬೆಗಳ ಕಣ್ಣಿನಂತೆಯೇ ಅದರ ಕಣ್ಣನ್ನೂ ಬಿಡಿಸಲಾಗಿತ್ತು.

ಕೈಯಿಂದ ಮಾಡಿದ ಜಾದೂ ಸಾಮಾನು ಒಬ್ಬನ ಕೆಲಸವಲ್ಲ ಎಂಬುದನ್ನು ಸಂಗ್ರಹಿಸಲು ತೊಡಗಿದ ಮೇಲೆಯೇ ಅರಿತೆ. ಹುಡುಗನನ್ನು ಒಳಗೆ ಕೂಡಿಸಿ ಮಾಯ ಮಾಡುವ ಬುಟ್ಟಿಯ ಆಟಕ್ಕೆ ಬೇಕಾಗುವ ಬುಟ್ಟಿಯನ್ನು ಹೆಣೆದವರು ಮೇದಾರರು. ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ, ನೋಡಿದರೆ ಒಳಗೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುವಂತೆ ಬಿದಿರನ್ನು ಬಗ್ಗಿಸುವುದು ಕಾಳು ತುಂಬುವ ಬುಟ್ಟಿಯನ್ನು ಹೆಣೆದಷ್ಟು ಸುಲಭವಲ್ಲ. ತಂಬಿಗೆಯನ್ನು ಬಡಿದವರು ಕಂಚುಗಾರರು, ಡಬ್ಬಿಯನ್ನು ಕಡೆದವರು ಬಡಗಿಗಳು, ಬಣ್ಣ ಹಚ್ಚಿದವರು ಚಿತ್ರಗಾರರು, ಒಳಗೆ ಇನ್ನೊಂದು ಪದರವಿರುವ ಚೀಲವನ್ನು ಹೊಲಿದವರು ಸಿಂಪಿಗರು. ಇವರೆಲ್ಲರಿಗೂ ಬೇಕಾದದ್ದನ್ನು ಬಿಡಿಬಿಡಿಯಾಗಿ ಹೇಳಿ, ಯಾರಿಗೂ ಇಡೀ ಗುಟ್ಟನ್ನು ಬಿಟ್ಟುಕೊಡದೆ ಮಾಡಿಸಿಕೊಳ್ಳುತ್ತಿದ್ದವನು ಆಟಗಾರ. ಕಡೆದ ಮರದ ಡಬ್ಬಿಗಳ ಮೈಮೇಲೆ ಬಳೆಯಂತೆ ಸುತ್ತುವರಿದ ಬಣ್ಣದ ಗೆರೆಗಳಿವೆಯಲ್ಲ, ಅವೆಲ್ಲವೂ ಬರಿಯ ಅಂದಕ್ಕೆ ಹಾಕಿದವಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನನ್ನ ಸಂಗ್ರಹದ ಅತ್ಯಂತ ಹಳೆಯ ವಸ್ತು ಒಂದು ಹಿತ್ತಾಳೆಯ ತಂಬಿಗೆ. ಹೊಸಪೇಟೆಯ ಗುಜರಿ ಅಂಗಡಿಯೊಂದರಲ್ಲಿ ತೂಕದ ಲೆಕ್ಕದಲ್ಲಿ, ಒಡೆದ ಸಮೆ, ಬಗ್ಗಿದ ಕೊಳಗಗಳ ನಡುವೆ ಸಿಕ್ಕಿತು. ಬರಿದು ಮಾಡಿದಷ್ಟೂ ಮತ್ತೆ ನೀರು ಬರುವ ಈ ತಂಬಿಗೆಯನ್ನು ಹೆಸರುವಾಸಿ ಮಾಡಿದವರು ಬಂಗಾಳದ ಜಾದೂಗಾರ ಪಿ. ಸಿ. ಸರ್ಕಾರ್ (1913–1971), 'ವಾಟರ್ ಆಫ್ ಇಂಡಿಯಾ' ಎಂಬ ಹೆಸರಿನಲ್ಲಿ ಇಡೀ ಪ್ರದರ್ಶನದ ಉದ್ದಕ್ಕೂ ನಡುನಡುವೆ ಅವರು ಅದನ್ನು ಬಗ್ಗಿಸಿ ನೀರು ಸುರಿಯುತ್ತಿದ್ದರು. ಗಾಳಿ ಒಳಗೆ ಹೋಗದೆ ನೀರು ಹೊರಗೆ ಬಾರದು ಎಂಬ, ಶಾಲೆಯ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಪಾಠವೇ ಅದರ ಜೀವಾಳ. ನನ್ನ ತಂಬಿಗೆಯನ್ನು ಮನೆಗೆ ತಂದ ದಿನವೇ, ಹಿತ್ತಾಳೆ ಕಂಡ ಕೂಡಲೇ ನಮ್ಮ ಕಡೆಯ ಯಾರಾದರೂ ಮಾಡುವುದನ್ನೇ ನಾನೂ ಮಾಡಿದೆ: ಹುಣಸೆಹಣ್ಣು ಹಚ್ಚಿ, ಕುದಿಯುವ ನೀರು ಹುಯ್ದು ತಿಕ್ಕಿದೆ. ಒಳಗಿನ ಗೋಡೆ ಕಳಚಿ ತಳಕ್ಕೆ ಬಿತ್ತು. ಅದನ್ನು ಕೂಡಿಸಿದ್ದದ್ದು ಅರಗಿನಿಂದ. ಬಿಸಿಗೆ ಅರಗು ಕರಗಿತ್ತು.

ಗುರುತಿನ ಹಿರಿಯ ಕಂಚುಗಾರರೊಬ್ಬರ ಬಳಿ ಒಯ್ದೆ. ಅವರು ತವರದ ಬೆಸುಗೆ ಹಾಕಿ ಕೊಟ್ಟರು, ಆಟವೂ ಮೊದಲಿಗಿಂತ ಚೆನ್ನಾಗಿ ನಡೆಯಿತು. ಆದರೆ ವರ್ಷ ಕಳೆಯುವಷ್ಟರಲ್ಲಿ ಒಳಗೆ ಕಿಲುಬು ಹಿಡಿದು ನೀರು ವಾಸನೆ ಬರತೊಡಗಿದಾಗ, ಹಿಂದಿನವನು ಅರಗನ್ನೇ ಏಕೆ ಬಳಸಿದ್ದ ಎಂಬುದು ತಲೆಗೆ ಹೊಳೆಯಿತು. ವರ್ಷಕ್ಕೊಮ್ಮೆ ಕಾಯಿಸಿ, ಬಿಚ್ಚಿ, ಒಳಗೆಲ್ಲ ಬೆಳಗಿ, ಮತ್ತೆ ಕೂಡಿಸುವುದಕ್ಕಾಗಿಯೇ ಅವನು ಹಾಗೆ ಮಾಡಿದ್ದ. ಬೆಸುಗೆ ಹಾಕಿಸಿದ ನಾನು ಆ ದಾರಿಯನ್ನೇ ಮುಚ್ಚಿದ್ದೆ. ಹಳೆಯ ಜಾದೂ ಸಾಮಾನು ಕೈಗೆ ಬಂದವರಿಗೆ ನನ್ನದೊಂದೇ ಬಿನ್ನಹ: ದಯವಿಟ್ಟು ಬೆಳಗಬೇಡಿ, ಬಣ್ಣ ಹಚ್ಚಬೇಡಿ, ಗಟ್ಟಿ ಮಾಡಬೇಡಿ. ಒಣ ಬಟ್ಟೆಯಿಂದ ದೂಳು ಒರೆಸಿ, ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಟ್ರಂಕಿನಲ್ಲಿಟ್ಟು ಮಾಳಿಗೆಯ ಮೇಲೆ ಇಡುವುದಂತೂ ಬೇಡವೇ ಬೇಡ.

ಬಟ್ಟಲಿನ ಕೆಳಗಿಟ್ಟ ಉಂಡೆಯನ್ನು ಮಾಯ ಮಾಡಿ ಇನ್ನೊಂದರ ಕೆಳಗೆ ತೋರಿಸುವ ಬಟ್ಟಲು ಮತ್ತು ಉಂಡೆಗಳ ಆಟದ ವಿಷಯದಲ್ಲಿ ಇನ್ನೊಂದು ಪಾಠವಾಯಿತು. ಪಶ್ಚಿಮ ದೇಶಗಳ ಜಾದೂಗಾರರು ಮೇಜಿನ ಹಿಂದೆ ನಿಂತು ಎತ್ತರದ ಲೋಟಗಳಲ್ಲಿ ಇದನ್ನು ಆಡುತ್ತಾರೆ. ನಮ್ಮವರು ನೆಲದ ಮೇಲೆ ಕುಳಿತು ಆಡುವವರು, ಬಟ್ಟಲುಗಳು ಗಿಡ್ಡ, ಬಾಯಿ ಅಗಲ, ನೆತ್ತಿಯ ಮೇಲೆ ಬೆರಳ ನಡುವೆ ಹಿಡಿಯಲು ಒಂದು ಗುಬಟು, ಉಂಡೆಗಳು ಬಟ್ಟೆಯವು. ಕೇರಳದಲ್ಲಿ ಇದನ್ನು 'ಚೆಪ್ಪುಂ ಪಂದುಂ' ಎನ್ನುತ್ತಾರೆ, ಅಲ್ಲಿನ ವಾಳಕುನ್ನಂ ನಂಬೂದಿರಿಯವರು ಅದರಲ್ಲಿ ಹೆಸರಾದವರು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಊರೂರುಗಳಲ್ಲಿ ಕೈಚಳಕ ತೋರಿಸುತ್ತ ತಿರುಗಿದವರು ಸುಡುಗಾಡು ಸಿದ್ಧರು. ನಾನು ಮೂರು ಮರದ ಬಟ್ಟಲುಗಳನ್ನು ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿ ಹೆಮ್ಮೆ ಪಡುತ್ತಿದ್ದಾಗ, ಗಂಗಾವತಿ ಕಡೆಯ ಸಿದ್ಧರ ಅಜ್ಜನೊಬ್ಬ ಮನೆಗೆ ಬಂದವನು ಅವುಗಳಲ್ಲಿ ಒಂದನ್ನು ಎತ್ತಿ ಗುಬಟನ್ನು ತಿರುಗಿಸಿ ನೋಡಿ, 'ಮಾಸ್ತರ್ರ, ಇದು ಎಡಗೈಯಾಂವಂದು' ಎಂದ. ಗುಬಟಿನ ಒಂದು ಮಗ್ಗುಲು ಮಾತ್ರ ಸವೆದಿತ್ತು. ಆರು ವರ್ಷದಿಂದ ನನ್ನ ಕಣ್ಣ ಮುಂದೆಯೇ ಇದ್ದ ಆ ಸವಕಲನ್ನು ನಾನು ಕಂಡೇ ಇರಲಿಲ್ಲ. ಆಮೇಲೆ ಅಜ್ಜ ಆ ಬಟ್ಟಲುಗಳನ್ನು ಹರವಿಕೊಂಡು ಕಾಲು ಗಂಟೆ ಆಡಿದ. ಮಾತು, ನಗು, ಬೈಗುಳ, ಹಾಡು ಎಲ್ಲವೂ ಅದರೊಳಗಿತ್ತು, ಆ ಮಾತಿನ ಯಾವ ತಿರುವಿನಲ್ಲಿ ಕೈ ಏನು ಮಾಡಿತೆಂಬುದು ಮೂರು ಅಡಿ ದೂರದಲ್ಲಿದ್ದ ನನಗೂ ತಿಳಿಯಲಿಲ್ಲ. ಕ್ಯಾಮೆರಾ ತೆಗೆದುಕೊಂಡು ಅವನ ಊರಿಗೆ ಹೋಗಬೇಕೆಂದು ಅಂದುಕೊಂಡವನು ಹೋದದ್ದು ಎರಡು ವರ್ಷದ ನಂತರ. ಆಗ ಅವನ ಕೈ ನಡುಗುತ್ತಿತ್ತು. ಬಟ್ಟಲು ಹಿಡಿಯಲೊಲ್ಲದು ಎಂದು ತಾನೇ ನಕ್ಕ. ಈಗ ನನ್ನಲ್ಲಿ ಬಟ್ಟಲುಗಳಿವೆ. ಆಟವಿಲ್ಲ.

ಈ ಪತ್ರದ ಮುಖ್ಯ ಮಾತು ಇದೇ. ಸಂಗ್ರಹ ಎಂದರೆ ವಸ್ತುವನ್ನು ತಂದಿಡುವುದು ಎಂದು ತಿಳಿದರೆ ಜಾದೂ ಸಾಮಾನಿನ ಮಟ್ಟಿಗೆ ಅರ್ಧವೂ ಉಳಿಯುವುದಿಲ್ಲ. ಒರಳುಕಲ್ಲನ್ನು ನೋಡಿದವರಿಗೆ ಅದರ ಕೆಲಸ ಊಹೆಗೆ ನಿಲುಕುತ್ತದೆ. ಜಾದೂ ಡಬ್ಬಿಯನ್ನು ಮಾಡಿರುವುದೇ ಅದರ ಕೆಲಸ ಊಹೆಗೆ ನಿಲುಕಬಾರದೆಂದು. ಮಾಡಿದವರ ಹೆಸರು, ಆಡಿದವರ ಮಾತು, ಕೈಯ ನಡೆ ಇವು ಜೊತೆಗಿಲ್ಲದ ಡಬ್ಬಿ ಬರಿಯ ಡಬ್ಬಿ. ಒಣ ಮರಳಿನ ಆಟವನ್ನೇ ನೋಡಿ: ಬಣ್ಣದ ಮರಳನ್ನು ನೀರಿಗೆ ಹಾಕಿ ಕಲಸಿ, ಮತ್ತೆ ಒಣಗಿದ ಮರಳನ್ನೇ ಹಿಡಿಹಿಡಿಯಾಗಿ ಹೊರತೆಗೆಯುತ್ತಾರೆ. ಅದಕ್ಕೆ ಬೇಕಾದ ಪಾತ್ರೆ ಯಾವ ಮನೆಯಲ್ಲಾದರೂ ಸಿಗುವಂಥದ್ದು. ಕಸುಬೆಲ್ಲ ಇರುವುದು ಮರಳನ್ನು ಹದ ಮಾಡುವುದರಲ್ಲಿ. ಆ ಹದವನ್ನು ಯಾವ ಕಪಾಟಿನಲ್ಲಿ ಇಡುತ್ತೀರಿ?

ಹೊರದೇಶಗಳಲ್ಲಿ ಈ ಕೆಲಸವನ್ನು ಬಹಳ ಹಿಂದೆಯೇ ಅರಿತಿದ್ದಾರೆ. ಫ್ರಾನ್ಸಿನ ಬ್ಲ್ವಾ ಪಟ್ಟಣದಲ್ಲಿ ಗಡಿಯಾರ ಕುಶಲಿಯಾಗಿದ್ದು ಜಾದೂಗಾರನಾದ ರಾಬರ್ಟ್-ಹೂಡಿನ್ (1805–1871) ಹೆಸರಿನಲ್ಲಿ 1998ರಿಂದ ಒಂದು ಸಂಗ್ರಹಾಲಯವಿದೆ; ಅಮೆರಿಕದ ಮಿಶಿಗನ್‌ನ ಮಾರ್ಷಲ್ ಎಂಬ ಸಣ್ಣ ಊರಿನಲ್ಲಿ 1978ರಿಂದ ಇನ್ನೊಂದಿದೆ. ಅಲ್ಲಿನ ಹವ್ಯಾಸಿಗಳು ಸಾಮಾನನ್ನು ಗುರುತಿಸುವುದು ಮಾಡಿದವರ ಹೆಸರಿನಿಂದ. ಲಾಸ್ ಏಂಜಲೀಸಿನ ಫ್ಲಾಯ್ಡ್ ಥೇಯರ್ ಕಡೆದ ಮರದ ಸಾಮಾನು ಎಂದರೆ ಕೊಳ್ಳುವವರು ಇಂದಿಗೂ ಕಾದಿರುತ್ತಾರೆ. ಒಕಿಟೊ ಎಂಬ ರಂಗನಾಮದಲ್ಲಿ ಪ್ರಸಿದ್ಧನಾದ ಡಚ್ ಮನೆತನದ ಥಿಯೊ ಬ್ಯಾಂಬರ್ಗ್ (1875–1963) ತನ್ನ ಪೆಟ್ಟಿಗೆಗಳನ್ನು ತಾನೇ ಮಾಡಿ ಬಣ್ಣ ಬಳಿಯುತ್ತಿದ್ದ. ನಾಣ್ಯದ ಆಟದ ಒಂದು ಪುಟ್ಟ ಡಬ್ಬಿಗೆ ಜಗತ್ತಿನಾದ್ಯಂತ ಈಗಲೂ ಅವನದೇ ಹೆಸರು. ನನ್ನಲ್ಲಿರುವ ಅರುವತ್ತೊಂದು ವಸ್ತುಗಳಲ್ಲಿ ಮಾಡಿದವರ ಹೆಸರು ಗೊತ್ತಿರುವುದು ಒಂಬತ್ತಕ್ಕೆ ಮಾತ್ರ, ಅದರಲ್ಲಿ ನಾಲ್ಕನ್ನು ನಾನೇ ಮಾಡಿಸಿದ್ದು.

ಇಲ್ಲೊಂದು ವಿಚಿತ್ರವನ್ನೂ ಹೇಳಬೇಕು. ಭಾರತದ ಜಾದೂ ಎಂದರೆ ಪಾಶ್ಚಾತ್ಯರಿಗೆ ಮೊದಲು ನೆನಪಾಗುವುದು ಆಕಾಶಕ್ಕೆ ನೆಟ್ಟಗೆ ನಿಲ್ಲುವ ಹಗ್ಗ, ಅದನ್ನು ಹತ್ತಿ ಮಾಯವಾಗುವ ಹುಡುಗ. ಆ ಕಥೆ ಅಷ್ಟು ಹಬ್ಬಿದ್ದು 1890ರಲ್ಲಿ ಷಿಕಾಗೊದ ಪತ್ರಿಕೆಯೊಂದು ಪ್ರಕಟಿಸಿದ ಕಟ್ಟುಕಥೆಯಿಂದ. ಅದು ಕಲ್ಪಿತವೆಂದು ಆ ಪತ್ರಿಕೆಯೇ ಕೆಲವು ತಿಂಗಳ ನಂತರ ಒಪ್ಪಿಕೊಂಡರೂ ಕಥೆ ನಿಲ್ಲಲಿಲ್ಲ. ಇಲ್ಲದ ಹಗ್ಗವನ್ನು ಹುಡುಕಿಕೊಂಡು ದಶಕಗಟ್ಟಲೆ ಜನ ಬಂದರು, ಬಹುಮಾನಗಳನ್ನು ಸಾರಿದರು. ಇದ್ದ ಬಟ್ಟಲು, ತಂಬಿಗೆ, ಬಾತುಕೋಳಿಗಳು ಗುಜರಿಗೆ ಹೋದವು. ಪರದೇಶದವರನ್ನು ದೂರಿ ಫಲವಿಲ್ಲ, ತೂಕಕ್ಕೆ ಹಾಕಿದವರು ನಾವೇ.

ಕಿನ್ನಾಳದ ಮಾತಿಗೆ ಬರುತ್ತೇನೆ. ಕೊಪ್ಪಳಕ್ಕೆ ಹತ್ತಿರದಲ್ಲಿರುವ ಆ ಊರಿನ ಚಿತ್ರಗಾರರ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಹಗುರವಾದ ಮರ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಅಂಟು ಸೇರಿಸಿ ಮಾಡಿದ ಕಿಟ್ಟವನ್ನು ಮೈಗೆಲ್ಲ ಮೆತ್ತಿ, ಅದರ ಮೇಲೆ ಅರಳೆ, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ, ಹೀಗೆ ಪದರ ಪದರವಾಗಿ ಬೆಳೆಯುವ ಕೆಲಸ ಅದು. ಬಾಲ್ಯದ ಬಾತುಕೋಳಿಯನ್ನು ಮತ್ತೆ ನೋಡುವ ಆಸೆಯಿಂದ ಅಲ್ಲಿನ ಕುಶಲಕರ್ಮಿಯೊಬ್ಬರ ಬಳಿ ಒಂದನ್ನು ಮಾಡಿಸಿದೆ. ನೋಡಲು ಅಪರಂಜಿ. ಮೂರನೆಯ ಸಲ ನೀರಿಗೆ ಬಿಟ್ಟಾಗ ಬೆನ್ನು ಉಬ್ಬಿ ಬಣ್ಣ ಎದ್ದಿತು, ಅಂಟು ನೀರು ಕುಡಿದಿತ್ತು. ತಲೆ ಕೆರೆದುಕೊಳ್ಳುತ್ತ ಹೋದರೆ ಆ ಕುಶಲಕರ್ಮಿ ನಕ್ಕು, 'ನೀರಾಗ ಬಿಡಾದು ಅಂತ ಮೊದಲ ಹೇಳಬೇಕಿಲ್ರಿ ಸರ? ಕಿಟ್ಟ ಹಾಕ್ತಿದ್ದಿಲ್ಲ' ಎಂದರು. ನಾನು ಗುಟ್ಟು ಕಾಯುವ ಹುಮ್ಮಸ್ಸಿನಲ್ಲಿ ಅದು ಏತಕ್ಕೆ ಎಂಬುದನ್ನೇ ಹೇಳಿರಲಿಲ್ಲ! ಎರಡನೆಯದನ್ನು ಕಿಟ್ಟವಿಲ್ಲದೆ, ಮರಕ್ಕೆ ನೇರವಾಗಿ ಎಣ್ಣೆಬಣ್ಣ ಕೊಟ್ಟು, ಮೇಲೆ ವಾರ್ನಿಷ್ ಹೊಡೆದು ಮಾಡಿದರು. ಬಣ್ಣ ಕೊಟ್ಟ ಮೇಲೆ ತಲೆ ಭಾರವಾಗಿ ಬಾತುಕೋಳಿ ಒಂದು ಕಡೆ ವಾಲಿತು, ಹೊಟ್ಟೆಯನ್ನು ಎರಡು ಸಲ ಕೆರೆದು ಸಮ ಮಾಡಿದರು. ಅದು ಈಗ ನಾಲ್ಕು ವರ್ಷದಿಂದ ಮುಳುಗಿ ಏಳುತ್ತಿದೆ, ಮೊಮ್ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದೆ. ಕಸುಬು ಸತ್ತಿಲ್ಲ, ಹೇಳಿ ಮಾಡಿಸುವವರಿಲ್ಲ ಅಷ್ಟೆ. ದೇವರ ಮೂರ್ತಿ, ಗಿಳಿ, ಕಾಮಧೇನುಗಳ ಜೊತೆಗೆ ವರ್ಷಕ್ಕೆ ನೂರು ಬಾತುಕೋಳಿ, ನೂರು ಜೊತೆ ಬಟ್ಟಲುಗಳಿಗೆ ಶಾಲೆಗಳಿಂದ ಬೇಡಿಕೆ ಬಂದರೆ ಆ ಓಣಿಗೆ ಅದು ಸಣ್ಣ ಸಂಗತಿಯೇನಲ್ಲ.

ಗುಟ್ಟಿನ ಪ್ರಶ್ನೆಯನ್ನು ಕೆಲವು ಜಾದೂಗಾರ ಮಿತ್ರರು ಎತ್ತಿದ್ದಾರೆ. ಸಂಗ್ರಹಾಲಯದಲ್ಲಿ ಇಟ್ಟರೆ ಆಟ ಬಯಲಾಗುವುದಿಲ್ಲವೇ, ಇದರಿಂದ ಹೊಟ್ಟೆ ಹೊರೆಯುವವರ ಗತಿಯೇನು ಎಂಬುದು ಅವರ ಆತಂಕ. ಇದು ನ್ಯಾಯವಾದದ್ದೇ. ನಾನು ಎರಡು ವಹಿ ಇಟ್ಟಿದ್ದೇನೆ. ಒಂದರಲ್ಲಿ ವಸ್ತುವಿನ ಹೆಸರು, ಅಳತೆ, ಊರು, ಮಾಡಿದವರು, ಆಡಿದವರು, ಸಿಕ್ಕ ಬಗೆ, ಹೊರಗಿನ ಚಿತ್ರ ಇವೆ. ಅದನ್ನು ಯಾರು ಬೇಕಾದರೂ ನೋಡಬಹುದು. ಇನ್ನೊಂದರಲ್ಲಿ ಒಳಗಿನ ರಚನೆಯ ನಕ್ಷೆ, ಅಂಟು–ಅರಗಿನ ವಿವರ, ರಿಪೇರಿಯ ಕ್ರಮ ಇವೆ. ಅದನ್ನು ಮಾಡುವವರಿಗೆ ಮತ್ತು ಆಡುವವರಿಗೆ ಮಾತ್ರ ತೋರಿಸುತ್ತೇನೆ. ಸರ್ಕಾರಿ ಸಂಗ್ರಹಾಲಯದಲ್ಲಿಯೂ ಹೀಗೆ ನಡೆಸಲು ಅಡ್ಡಿ ಕಾಣುವುದಿಲ್ಲ.

ಇಷ್ಟು ಹೇಳಿಕೊಂಡು ನಾನು ಸಂಬಂಧಪಟ್ಟ ಕಚೇರಿಯೊಂದಕ್ಕೆ ಹೋಗಿ ಬಂದದ್ದೂ ಆಯಿತು. ಅಲ್ಲಿನ ಅಧಿಕಾರಿಗಳು ಮರ್ಯಾದೆಯಿಂದಲೇ ಮಾತನಾಡಿಸಿ, ಇವು ಶಿಲ್ಪವೋ, ಜನಪದವೋ, ಆಟಿಕೆಯೋ, ಯಾವ ಶೀರ್ಷಿಕೆಯಲ್ಲಿ ದಾಖಲಿಸಬೇಕು ಎಂದು ಕೇಳಿದರು. ನಾನು ಮೂರೂ ಹೌದು ಎಂದೆ. ಹಾಗಾದರೆ ಮೂರು ಕಡೆ ಅರ್ಜಿ ಕೊಡಿ ಎಂದರು. ಕೊಟ್ಟು ಹದಿನಾಲ್ಕು ತಿಂಗಳಾಯಿತು.

ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಗಲುಗೊಂಬೆಯಾಟದ ಬಗ್ಗೆ ಎಲ್ಲರೂ ಅಭಿಮಾನದಿಂದ ಬರೆದರು, ನಾನೂ ಹಿಗ್ಗಿದೆ. ಆ ಆಟ ನಡೆಯುವ ಜಾತ್ರೆಯಲ್ಲಿಯೇ ತೊಗಲುಗೊಂಬೆಯ ಪರದೆಯಿಂದ ಹತ್ತು ಮಾರು ದೂರದಲ್ಲಿ ಬಟ್ಟಲು ಹರವಿಕೊಂಡು ಕುಳಿತವನ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಅವನ ಮಕ್ಕಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಜೋಳಿಗೆ ಗೂಟಕ್ಕೆ ತೂಗುಬಿದ್ದಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇಲ್ಲಿಂದ ದೂರವಿಲ್ಲ. ಅಲ್ಲಿನ ವಿದ್ಯಾರ್ಥಿಗಳು ಒಂದು ಬೇಸಿಗೆಯ ಮಟ್ಟಿಗೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಸಿದ್ಧರ ಕೇರಿಗಳಿಗೆ ಕ್ಯಾಮೆರಾ ಹಿಡಿದು ಹೋದರೆ, ಇನ್ನೂ ಕೈ ನಡುಗದವರು ಒಂದಿಷ್ಟು ಮಂದಿ ಸಿಕ್ಕಾರು. ಅವರಿಗೆ ಒಂದು ದಿನದ ಕೂಲಿಯನ್ನಾದರೂ ಕೊಟ್ಟು ಆಡಿಸಬೇಕು. ಪುಕ್ಕಟೆಯಾಗಿ ಗುಟ್ಟು ಕೇಳುವುದು ತರವಲ್ಲ.

ನನಗೆ ಈಗ ಅರುವತ್ತೇಳು. ಮಕ್ಕಳಿಗೆ ಈ ಟ್ರಂಕುಗಳ ಮೇಲೆ ಮೋಹವಿಲ್ಲ, ಅದು ತಪ್ಪೂ ಅಲ್ಲ. ಮುಂಬಯಿಯ ವ್ಯಾಪಾರಿಯೊಬ್ಬರು ತಂಬಿಗೆ ಮತ್ತು ಎಡಗೈಯವನ ಬಟ್ಟಲುಗಳಿಗೆ ಒಳ್ಳೆಯ ಬೆಲೆ ಹೇಳಿದ್ದಾರೆ, ವಹಿಗಳು ಬೇಡವಂತೆ. ಅರುವತ್ತೊಂದು ವಸ್ತುಗಳನ್ನೂ ಎರಡು ವಹಿಗಳನ್ನೂ ಒಂದು ಕಾಸು ಪಡೆಯದೆ ಕೊಪ್ಪಳ, ಬಳ್ಳಾರಿ ಅಥವಾ ರಾಯಚೂರಿನ ಯಾವುದೇ ಸಾರ್ವಜನಿಕ ಸಂಗ್ರಹಾಲಯಕ್ಕೆ ಕೊಡಲು ನಾನು ಸಿದ್ಧನಿದ್ದೇನೆ. ಬಿಸಿಲು ತಾಗದ ಗೋಡೆಗೆ ಬೀಗವಿರುವ ಒಂದು ಕಪಾಟು, ವರ್ಷಕ್ಕೊಮ್ಮೆ ಆ ಬಟ್ಟಲುಗಳನ್ನು ಹೊರತೆಗೆದು ಆಡಲು ಸಿದ್ಧರೊಬ್ಬರಿಗೆ ಕರೆ, ಇವೆರಡು ನನ್ನ ಷರತ್ತು. ಒಪ್ಪುವವರು ಪತ್ರಿಕೆಯ ಮೂಲಕ ತಿಳಿಸಿದರೆ ಟ್ರಂಕುಗಳನ್ನು ನಾನೇ ಟಂಟಂನಲ್ಲಿ ಹೇರಿಕೊಂಡು ಬರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ,
ಕೊಪ್ಪಳ